ಮೂರು ನಿಮಿಷದೊಳಗೆ ಒಂದು ರಾಗ

ಸ್ಟುಡಿಯೋದಲ್ಲಿ ಹಾಡುವ ಕಲಾವಿದರಿಗೆ 'ಇನ್ನು ಎರಡೇ ನಿಮಿಷ' ಎಂದು ಬೆರಳೆತ್ತಿ ತೋರಿಸುವ ಪಾಪದ ಕೆಲಸ ನನ್ನದು. ಆಗೆಲ್ಲ ಗೌಹರ್ ಜಾನ್ ನೆನಪಾಗುತ್ತಾರೆ.

1902ರ ನವೆಂಬರ್‌ನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಈ ಗಾಯಕಿಯ ಧ್ವನಿಮುದ್ರಣ ಮಾಡಿದರು. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಂಬಿನ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ಗಾಳಿಯ ಕಂಪನವೇ ತೆಳುಪೊರೆಯೊಂದನ್ನು ನಡುಗಿಸಿ, ಅದಕ್ಕೆ ಜೋಡಿಸಿದ ಸೂಜಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಒಂದು ತಟ್ಟೆಗೆ ಸುಮಾರು ಮೂರೇ ನಿಮಿಷ! ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಮುಗಿಸುವುದೆಂತು? ಆಕೆ ಆಲಾಪವನ್ನು ಮೊಟಕುಮಾಡಿ, ನೇರವಾಗಿ ಬಂದಿಶಿಗೆ ಬಂದು, ಚುರುಕಾದ ತಾನುಗಳನ್ನು ತುಂಬಿದರು. ಹಲವು ತಟ್ಟೆಗಳ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿದರು. ಅದು ಜಂಬವಲ್ಲ, ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆ ಅಚ್ಚುಹಾಕುವವರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಿತ್ತು.

ರಾಗದ ನಿಧಾನಗತಿ ಇದರಿಂದ ಹಾಳಾಯಿತೆಂಬ ದೂರನ್ನು ನಾನು ಅಲ್ಲಗಳೆಯಲಾರೆ. ಆದರೆ ಶ್ರೀಮಂತರ ಮೆಹಫಿಲ್‌ಗಳಿಗೆ ಕಾಲಿಡಲಾಗದವರ ಕಿವಿಗೂ ಆ ಕಂಠ ಬಿದ್ದದ್ದು ಹೀಗೆಯೇ.

1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿನ ಆಸ್ಥಾನ ವಿದುಷಿಯಾಗಿ ನೇಮಿಸಿದರು. ಅಲ್ಲಿ ಹಾಡಲು ಉಳಿದದ್ದು ಎರಡು ವರ್ಷವೂ ಅಲ್ಲ. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು.