ಬೀಸುಕಲ್ಲಿನ ಹಾಡು

ನಾರ್ವೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯ ಉತ್ತರ ಭಾಗದ ಸಾಮಿ ಜನರ ‘ಯೋಯ್ಕ್’ ಎಂಬ ಹಾಡುಗಾರಿಕೆಯ ಬಗ್ಗೆ ಬರೆದಿದ್ದಾಳೆ. ಹಿಮಸಾರಂಗಗಳನ್ನು ಸಾಕುತ್ತ ಬಂದ ಆ ಜನ ಒಬ್ಬ ಮನುಷ್ಯನನ್ನು ಕುರಿತು ಹಾಡುತ್ತೇವೆ ಎನ್ನುವುದಿಲ್ಲವಂತೆ, ಆ ಮನುಷ್ಯನನ್ನೇ ಹಾಡುತ್ತೇವೆ ಎನ್ನುತ್ತಾರಂತೆ. ಕ್ರೈಸ್ತ ಪಾದ್ರಿಗಳು ಅದನ್ನು ಪಾಪವೆಂದು ಹಳಿದರು. ಎಷ್ಟೋ ಶಾಲೆಗಳಲ್ಲಿ ಅದಕ್ಕೆ ನಿಷೇಧವಿತ್ತು. ಈಗ ವಿದ್ವಾಂಸರು ಆ ಹಾಡಿಗೂ ಜನರ ಮನಸ್ಸಿನ ಸ್ವಾಸ್ಥ್ಯಕ್ಕೂ ಇರುವ ನಂಟನ್ನು ಅಭ್ಯಸಿಸುತ್ತಿದ್ದಾರೆ. “ಸರ್, ನಮ್ಮ ಕಡೆ ಇಂಥದ್ದು ಏನಿತ್ತು?” ಎಂಬುದು ಅವಳ ಪ್ರಶ್ನೆ.

ಕೂಡಲಸಂಗಮದ ನಮಗೆ ಮೊದಲು ನೆನಪಾಗುವುದು ಬಸವಣ್ಣನವರ ಒಂದು ವಚನ. ತಮ್ಮ ದೇಹವನ್ನೇ ವೀಣೆಯ ದಂಡಿಗೆಯಾಗಿ, ತಲೆಯನ್ನು ಸೋರೆಬುರುಡೆಯಾಗಿ, ನರಗಳನ್ನು ತಂತಿಯಾಗಿ ಮಾಡಿಕೊಂಡು ನುಡಿಸೆಂದು ಅವರು ಸಂಗಮನಾಥನನ್ನು ಬೇಡಿದ್ದಾರೆ. ಆದರೆ ನಾನು ಉತ್ತರವಾಗಿ ಹೇಳಬಯಸುವುದು ಮಠದಲ್ಲಿ, ಸಭೆಯಲ್ಲಿ ಕೇಳುವ ಹಾಡನ್ನಲ್ಲ. ನಸುಕಿನ ಕತ್ತಲಲ್ಲಿ ಮನೆಯ ಮೂಲೆಯಿಂದ ಕೇಳಿಬರುತ್ತಿದ್ದ ಬೀಸುಕಲ್ಲಿನ ಹಾಡನ್ನು.

ನಮ್ಮದು ಜೋಳದ ಸೀಮೆ. ರೊಟ್ಟಿಯ ಹಿಟ್ಟು ದಿನದಿನವೂ ಆಗಬೇಕು. ಕೋಳಿ ಕೂಗುವ ಮೊದಲೇ ಎದ್ದು, ಅತ್ತಿಗೆ ನಾದಿನಿಯರು ಎದುರುಬದುರು ಕುಳಿತು ಒಂದೇ ಗೂಟ ಹಿಡಿಯುತ್ತಿದ್ದರು. ಒಬ್ಬಳು ಕಲ್ಲಿನ ಬಾಯಿಗೆ ಮುಕ್ಕು ಹಾಕುತ್ತ ಸಾಲು ಎತ್ತಿದರೆ ಇನ್ನೊಬ್ಬಳು ದನಿಗೂಡಿಸುವಳು. ಹಾಡಿನ ಛಂದಸ್ಸು ತ್ರಿಪದಿ. ಬರೆದರೆ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹಿಡಿಯುವುದರಿಂದ ನಾಲ್ಕರಂತೆ ಕೇಳುತ್ತದೆ. ಆ ಮರುಹಿಡಿತದಲ್ಲಿ ಉಸಿರಿಗೆ ತೆರಪು, ಮುಂದಿನ ಮಾತು ನೆನೆಯಲು ಸಮಯ.

ಈ ತ್ರಿಪದಿಯ ಬಹು ಹಳೆಯ ಮಾದರಿ ನಮ್ಮ ಜಿಲ್ಲೆಯಲ್ಲೇ ಇದೆ. ಬಾದಾಮಿಯ ಬಂಡೆಯ ಮೇಲಿನ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವನ್ನು ನಿಮಗೆಲ್ಲ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದೇನೆ. ಅಲ್ಲಿ ವೀರನೊಬ್ಬನ ಗುಣವನ್ನು ಕಲ್ಲಿನಲ್ಲಿ ಕೊರೆದಿದೆ. ಅದೇ ಛಂದಸ್ಸನ್ನು ಅಕ್ಷರ ಬಾರದ ಹೆಣ್ಣುಮಕ್ಕಳು ಶತಮಾನಗಳ ಕಾಲ ಬಾಯಲ್ಲೇ ಉಳಿಸಿಕೊಂಡು ಬಂದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅವನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ ಮೇಲೆಯೇ ವಿದ್ಯಾವಂತರ ಕಣ್ಣು ಅತ್ತ ಹೊರಳಿದ್ದು.

ಇನ್ನು ಆರೋಗ್ಯದ ಮಾತು. “ಹಿಂದಿನ ಹೆಂಗಸರು ಬೀಸಿ ಕುಟ್ಟಿ ಗಟ್ಟಿಮುಟ್ಟಾಗಿದ್ದರು” ಎಂದು ಹಾಡಿ ಹೊಗಳುವವರ ಸಾಲಿಗೆ ನಾನು ಸೇರಲಾರೆ. (ಹಾಗೆ ಹೇಳುವವರು ಸಾಮಾನ್ಯವಾಗಿ ಗಂಡಸರು.) ಬಸುರಿಯರೂ ಬಾಣಂತಿಯರೂ ಬೀಸಿದ್ದಾರೆ; ಹೆಗಲು ಬಿದ್ದುಹೋದವರಿದ್ದರು, ಅಂಗೈ ಬೊಬ್ಬೆ ಒಡೆದವರಿದ್ದರು. ಹಾಡು ಆ ನೋವಿಗೆ ಮದ್ದಾಗಿರಲಿಲ್ಲ. ಆದರೆ ಹಾಡಿಲ್ಲದಿದ್ದರೆ ಇಬ್ಬರ ಕೈ ಒಂದೇ ಲಯಕ್ಕೆ ಬರುತ್ತಿರಲಿಲ್ಲ, ಭಾರವೆಲ್ಲ ಒಬ್ಬಳ ಮೇಲೆಯೇ ಬೀಳುತ್ತಿತ್ತು.

ಅದಕ್ಕಿಂತ ದೊಡ್ಡದು ಇನ್ನೊಂದು. ಮದುವೆಯಾಗಿ ಬಂದ ಎಳೆಯ ಸೊಸೆಗೆ ಆ ಮನೆಯಲ್ಲಿ ಬಾಯಿ ಬಿಟ್ಟು ಹೇಳಿಕೊಳ್ಳಲು ಯಾರಿದ್ದರು? ತವರಿನ ಹಂಬಲ, ಕರೆಯಲು ಬಾರದ ಅಣ್ಣ, ಸತ್ತ ಕೂಸು, ಅತ್ತೆಯ ಬಿರುಸು, ಇವೆಲ್ಲ ಮಾತಾದರೆ ಜಗಳ. ಪದವಾದರೆ ಎಲ್ಲರ ಪದ. ಅದು ಅವಳದೇ ದುಃಖವೋ, ಅಜ್ಜಿಯಿಂದ ಬಂದ ಹಾಡೋ ಎಂದು ಯಾರೂ ಕೇಳುವಂತಿರಲಿಲ್ಲ. ಕಲ್ಲಿನ ಗುರುಗುರು ಸದ್ದಿನಲ್ಲಿ ಅಳು ಬಂದರೂ ಗೊತ್ತಾಗುತ್ತಿರಲಿಲ್ಲ. ಎದುರಿಗೆ ಕುಳಿತವಳು ಸಮಾಧಾನ ಹೇಳುತ್ತಿರಲಿಲ್ಲ, ಮುಂದಿನ ಸಾಲು ಎತ್ತುತ್ತಿದ್ದಳು.

ಹಿಟ್ಟಿನ ಗಿರಣಿ ಬಂತು. ಬರಬೇಕಾಗಿತ್ತು, ನಮ್ಮವ್ವ ಮೊದಲ ಸಲ ಬುಟ್ಟಿ ಹೊತ್ತು ಗಿರಣಿಗೆ ಹೋದ ದಿನ ಹಬ್ಬದಂತೆ ಸಂತೋಷಪಟ್ಟಿದ್ದಳು. ರಟ್ಟೆಗೆ ಬಿಡುಗಡೆಯಾಯಿತು. ಆದರೆ ಆ ನಸುಕಿನ ಎರಡು ತಾಸು, ಎದುರಿಗೊಂದು ಜೀವ, ಹೇಳಲಾಗದ್ದನ್ನು ಹೇಳುವ ಒಂದು ಜಾಗ ಇವಕ್ಕೆ ಬದಲಾಗಿ ಬಂದದ್ದೇನು? ಕೃಷ್ಣೆಯ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಎಷ್ಟೋ ಮನೆಗಳಲ್ಲಿ ಬೀಸುಕಲ್ಲು ಈಗ ಹಿತ್ತಲಲ್ಲಿ ಮಗುಚಿ ಬಿದ್ದಿದೆ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ದೊಡ್ಡವ್ವನೋ ಇದ್ದರೆ, ಮೊಬೈಲಿನಲ್ಲಿ ಅವರ ಪದಗಳನ್ನು ಹಿಡಿದಿಡಿ. ಒಂದು ಸೂಚನೆ: ಸುಮ್ಮನೆ ಕೂಡ್ರಿಸಿ ಕೇಳಬೇಡಿ. ನಮ್ಮ ದೊಡ್ಡವ್ವನನ್ನು ಹಾಗೆ ಕೇಳಿದಾಗ “ಎಲ್ಲಾ ಮರತೇನಪಾ” ಎಂದಿದ್ದಳು. ಹಿತ್ತಲಿನ ಕಲ್ಲು ತೊಳೆದು ತಂದು, ಗೂಟ ಬಡಿದು, ಒಂದು ಮುಕ್ಕು ಜೋಳ ಹಾಕಿ ಮುಂದಿಟ್ಟೆವು. ಕೈ ತಿರುಗತೊಡಗಿದ ಮೇಲೆ ಮಧ್ಯಾಹ್ನದವರೆಗೂ ಹಾಡಿದಳು.