ಗಡಿಯಾಚೆಯ ಔಷಧಿ: ಚೀನದ ಶಾಸನದಲ್ಲಿ ‘ನಕಲಿ’ ಎಂಬ ಶಬ್ದದ ಚರಿತ್ರೆ

ಔಷಧಿಯೊಂದು ನಕಲಿಯೆಂದರೆ ಅದರಲ್ಲಿ ಇರತಕ್ಕ ದ್ರವ್ಯ ಇಲ್ಲವೆಂದು ಲೋಕರೂಢಿಯ ಅರ್ಥ. ಚೀನದ ಶಾಸನದಲ್ಲಿ ಈ ಶಬ್ದಕ್ಕೆ ಬಹುಕಾಲ ಮತ್ತೊಂದು ಅರ್ಥವೂ ಇದ್ದಿತು. 2001ರಲ್ಲಿ ಪರಿಷ್ಕೃತವಾದ ಔಷಧಿ ಆಡಳಿತ ಶಾಸನದ 48ನೆಯ ವಿಧಿಯಂತೆ, ಸರಕಾರದ ಅನುಮತಿಯಿಲ್ಲದೆ ಆಮದಾದ ಔಷಧಿಯು ಗುಣದಲ್ಲಿ ಎಷ್ಟೇ ಶುದ್ಧವಾಗಿದ್ದರೂ ನಕಲಿಯೆಂದೇ ಪರಿಗಣಿತವಾಗುತ್ತಿದ್ದಿತು. ಪರದೇಶದಿಂದ ಮದ್ದು ತರಿಸಿಕೊಂಡ ರೋಗಿಗಳ ಪಾಡು ಈ ಒಂದು ಶಬ್ದವನ್ನು ಅವಲಂಬಿಸಿದ್ದ ಬಗೆಯನ್ನು ಇಲ್ಲಿ ವಿವೇಚಿಸುತ್ತೇವೆ.

ಇದರ ಒಂದು ಮೂಲ ನಮ್ಮ ದೇಶದಲ್ಲಿಯೇ ಇದೆ. 1970ರ ಪೇಟೆಂಟ್ ಶಾಸನವು ಔಷಧಿಯ ತಯಾರಿಕೆಯ ವಿಧಾನಕ್ಕೆ ಪೇಟೆಂಟ್ ಕೊಟ್ಟಿತೇ ಹೊರತು ಔಷಧಿಗೇ ಕೊಡಲಿಲ್ಲ. 2005ರಲ್ಲಿ ಈ ನಿಯಮ ಬದಲಾಯಿತಾದರೂ, ರಕ್ತದ ಕ್ಯಾನ್ಸರಿಗೆ ಕೊಡುವ ಗ್ಲಿವೆಕ್‌ನ ವಿಷಯದಲ್ಲಿ ನೋವಾರ್ಟಿಸ್ ಸಂಸ್ಥೆಯ ಮನವಿಯನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ನಿರಾಕರಿಸಿತು. ಅದೇ ಇಮಾಟಿನಿಬ್ ದ್ರವ್ಯದ ಗುಳಿಗೆಗಳನ್ನು ಭಾರತದ ಕಂಪನಿಗಳು ಅಗ್ಗವಾಗಿ ತಯಾರಿಸಲು ಅವಕಾಶವಾದುದು ಹೀಗೆ.

ಚೀನದ ವುಶಿ ನಗರದ ವ್ಯಾಪಾರಿಯೊಬ್ಬನಿಗೆ ಈ ವ್ಯಾಧಿಯಿರುವುದು 2002ರಲ್ಲಿ ತಿಳಿಯಿತು. ಮೂಲ ಔಷಧಿಗೆ ತಿಂಗಳಿಗೆ ಸುಮಾರು 23,500 ಯುವಾನ್ ತೆರಬೇಕಾಗಿದ್ದಿತು. 2004ರಲ್ಲಿ ಆತನು ಕಂಡುಕೊಂಡ ಭಾರತದ ಗುಳಿಗೆಗೆ ಸುಮಾರು 4,000 ಯುವಾನ್. ಮುಂದೆ ಅದು 200ರ ಆಸುಪಾಸಿಗೆ ಇಳಿಯಿತು. ತನ್ನಂತೆಯೇ ನರಳುತ್ತಿದ್ದ ನೂರಾರು ಮಂದಿಗೂ ಅದನ್ನು ದೊರಕಿಸಿಕೊಟ್ಟನು. ಹಣ ರವಾನಿಸಲು ಪರರ ಹೆಸರಿನ ಬ್ಯಾಂಕ್ ಕಾರ್ಡುಗಳನ್ನು ಕೊಂಡನು. 2014ರಲ್ಲಿ ಹುನಾನ್ ಪ್ರಾಂತದ ಯುವಾನ್‌ಜಿಯಾಂಗ್‌ನ ಸರಕಾರಿ ಅಭಿಯೋಜಕರು ಕಾರ್ಡುಗಳ ದುರುಪಯೋಗ, ನಕಲಿ ಔಷಧಿಯ ಮಾರಾಟ ಎಂಬ ಎರಡು ಆರೋಪಗಳನ್ನು ಹೊರಿಸಿದರು.

ಎರಡನೆಯ ಆರೋಪದ ಬಲವನ್ನು ತಿಳಿಯಲು 2011ರ ದಂಡಸಂಹಿತೆಯ ತಿದ್ದುಪಡಿಯನ್ನು ಗಮನಿಸಬೇಕು. ಅದಕ್ಕೆ ಮುಂಚೆ, ಆರೋಗ್ಯಕ್ಕೆ ಗಂಭೀರ ಅಪಾಯ ತರುವಂಥ ಮದ್ದೆಂದು ತೋರಿಸಬೇಕಾಗಿದ್ದಿತು. ಆಮೇಲೆ ಮಾರಿದುದಷ್ಟೇ ಸಾಕಾಯಿತು. ಕಾಠಿಣ್ಯಕ್ಕೆ ಕಾರಣವಿರಲಿಲ್ಲವೆಂದು ನಾವು ಹೇಳುವುದಿಲ್ಲ. 2006ರಲ್ಲಿ ಗುವಾಂಗ್‌ಜೌ ನಗರದಲ್ಲಿ ವಿಷದ್ರವ್ಯ ಬೆರೆತ ಚುಚ್ಚುಮದ್ದಿನಿಂದ ರೋಗಿಗಳು ಸತ್ತಿದ್ದರು. (ಆ ಮದ್ದು ಗಡಿ ದಾಟಿ ಬಂದುದಾಗಿರಲಿಲ್ಲ, ಸ್ವದೇಶದ ಕಾರ್ಖಾನೆಯದೇ.) ಆದರೆ ವಿಷವನ್ನೂ ಗುಣಕಾರಿ ಗುಳಿಗೆಯನ್ನೂ ಒಂದೇ ಶಬ್ದದಲ್ಲಿ ಕಟ್ಟಿದುದರಿಂದ, ನುಂಗಿದವನಿಗಿಂತ ನೆರೆಯವನಿಗೆ ತರಿಸಿಕೊಟ್ಟವನೇ ಹೆಚ್ಚಿನ ಅಪಾಯಕ್ಕೆ ಗುರಿಯಾದನು.

ಅನೇಕ ರೋಗಿಗಳು ಆತನ ಪರವಾಗಿ ಮನವಿ ಸಲ್ಲಿಸಿದರು. 2015ರ ಜನವರಿಯಲ್ಲಿ ಅಭಿಯೋಜಕರು ಮೊಕದ್ದಮೆಯನ್ನು ಹಿಂತೆಗೆದುಕೊಂಡರು. ಫೆಬ್ರವರಿಯ ನಿರ್ಣಯದಲ್ಲಿ ಕೊಟ್ಟ ಕಾರಣ ಕುತೂಹಲಕರವಾಗಿದೆ: ಆತನು ಮಾಡಿದುದು ಮಾರಾಟವಲ್ಲ, ಖರೀದಿ. ಗುಳಿಗೆ ಶಾಸನದ ದೃಷ್ಟಿಯಲ್ಲಿ ನಕಲಿಯಾಗಿಯೇ ಉಳಿಯಿತು, ಬದಲಾದುದು ಕ್ರಿಯಾಪದವೊಂದೇ.

ಶಬ್ದವೇ ಬದಲಾದುದು 2019ರ ಡಿಸೆಂಬರ್ 1ರಂದು. ಅಂದು ಜಾರಿಗೆ ಬಂದ ಪರಿಷ್ಕೃತ ಶಾಸನವು ಅನುಮತಿಯಿಲ್ಲದ ಆಮದನ್ನು ನಕಲಿಯ ಪಟ್ಟಿಯಿಂದ ತೆಗೆಯಿತು. ಆಮದಿನ ನಿಷೇಧ ಮಾತ್ರ ಹೋಗಲಿಲ್ಲ. ಪರದೇಶದಲ್ಲಿ ನ್ಯಾಯಸಮ್ಮತವಾಗಿ ಮಾರಾಟದಲ್ಲಿರುವ ಔಷಧಿಯನ್ನು ಅಲ್ಪಪ್ರಮಾಣದಲ್ಲಿ ತಂದಿದ್ದು, ತಪ್ಪು ಲಘುವಾಗಿದ್ದರೆ, ದಂಡವನ್ನು ತಗ್ಗಿಸಲು ಅಥವಾ ಮನ್ನಿಸಲು ಅಧಿಕಾರಿಗಳಿಗೆ ಅವಕಾಶ ದೊರೆಯಿತು. 2021ರ ಮಾರ್ಚ್ 1ರಿಂದ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವೊಂದು ಸೇರಿ, ಆರೋಗ್ಯಕ್ಕೆ ಗಂಭೀರ ಅಪಾಯವಿದೆಯೆಂದು ತೋರಿಸುವ ಹೊಣೆ ಮತ್ತೆ ಅಭಿಯೋಜಕರ ಮೇಲೆ ಬಿದ್ದಿತು.