ರುಬೆಲ್ಲಾದಿಂದ ಮೈಕ್ರೋಗ್ಲಿಯಾವರೆಗೆ: ಆಟಿಸಂ ಮತ್ತು ಉರಿಯೂತದ ಸಂಶೋಧನೆಯ ಹಾದಿ

1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ವ್ಯಾಪಕವಾಗಿ ಹರಡಿತು. ಬಸುರಿಯಾಗಿದ್ದಾಗ ಸೋಂಕು ತಗುಲಿದ ತಾಯಂದಿರಿಗೆ ಹುಟ್ಟಿದ 243 ಮಕ್ಕಳನ್ನು ನ್ಯೂಯಾರ್ಕಿನ ಮನೋವೈದ್ಯೆ ಸ್ಟೆಲ್ಲಾ ಚೆಸ್ ಪರೀಕ್ಷಿಸಿದರು. ಹಲವರಿಗೆ ಕಿವಿ, ಕಣ್ಣು, ಹೃದಯದ ತೊಂದರೆಗಳಿದ್ದವು. ಅವರು ನಿರೀಕ್ಷಿಸದೇ ಇದ್ದದ್ದೂ ಒಂದು ಕಂಡಿತು: 10 ಮಕ್ಕಳಲ್ಲಿ ಆಟಿಸಂ ಪೂರ್ಣವಾಗಿ, 8 ಮಕ್ಕಳಲ್ಲಿ ಭಾಗಶಃ ಇತ್ತು. ಆ ಕಾಲದ ಇಂಗ್ಲೆಂಡಿನ ಸಮೀಕ್ಷೆಯೊಂದರಲ್ಲಿ ಸಿಕ್ಕ ಆಟಿಸಂ ಪ್ರಮಾಣ ಹತ್ತು ಸಾವಿರಕ್ಕೆ 4.5 ಮಾತ್ರ. 1971ರಲ್ಲಿ ಪ್ರಕಟವಾದ ಚೆಸ್ ಅವರ ಲೆಕ್ಕಕ್ಕೆ ಸಿಗಬೇಕಾದಷ್ಟು ಮನ್ನಣೆ ಇಂದಿಗೂ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ತಾಯಿಯ ಮಮತೆ ಸಾಲದ್ದರಿಂದ ಮಗುವಿಗೆ ಆಟಿಸಂ ಬರುತ್ತದೆ ಎಂದು ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದಿದ್ದರು. ಅಂಥ ಆರೋಪ ಹೊತ್ತ ತಾಯಂದಿರ ಪರವಾಗಿ ದಾಖಲೆ ಸಮೇತ ನಿಂತ ಮೊದಲ ಕೆಲಸಗಳಲ್ಲಿ ಚೆಸ್ ಅವರದೂ ಒಂದು.

ಅದೇ 1971ರಲ್ಲಿ ಜಾನ್ ಮನಿ ಮತ್ತು ಸಹೋದ್ಯೋಗಿಗಳು, ಆಟಿಸಂ ಇರುವ ಮಗುವಿನ ಕುಟುಂಬದಲ್ಲಿ ಸ್ವಪ್ರತಿರಕ್ಷಾ ಕಾಯಿಲೆಗಳು (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ಎರಗುವ ಕಾಯಿಲೆಗಳು) ಕೂಡಿಬಂದದ್ದನ್ನು ವರದಿ ಮಾಡಿದರು. ಮುಂದಿನ ಹದಿನೈದು ವರ್ಷ ಸ್ಟಬ್ಸ್, ವೈಜ್‌ಮನ್, ವಾರೆನ್ ಮೊದಲಾದವರು ಮಕ್ಕಳ ರಕ್ತದಲ್ಲಿ ಬಿಳಿ ರಕ್ತಕಣಗಳ ವರ್ತನೆಯನ್ನು ಅಳೆದರು. ವ್ಯತ್ಯಾಸಗಳು ಸಿಕ್ಕವು, ಆದರೆ ಹದಿನೇಳೋ ಮೂವತ್ತೋ ಜನರ ಗುಂಪುಗಳಲ್ಲಿ. ರೋಗನಿರ್ಣಯದ ಮಾನದಂಡಗಳೂ ಆಗ ಬದಲಾಗುತ್ತಿದ್ದುದರಿಂದ ಒಂದು ಅಧ್ಯಯನವನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು ಕಷ್ಟ.

ದೊಡ್ಡ ತಿರುವು ಬಂದದ್ದು 2005ರಲ್ಲಿ. ಜಾನ್ಸ್ ಹಾಪ್ಕಿನ್ಸ್‌ನ ವರ್ಗಾಸ್, ಜಿಮರ್‌ಮನ್, ಪಾರ್ಡೊ ಅವರ ತಂಡ ಆಟಿಸಂ ಇದ್ದ 11 ಮಂದಿಯ ಮಿದುಳನ್ನು ಮರಣಾನಂತರ ಪರಿಶೀಲಿಸಿತು. ಮಿದುಳಿನ ಕಾವಲು ಕಾಯುವ ಮೈಕ್ರೋಗ್ಲಿಯಾ ಕೋಶಗಳು ಸಾಮಾನ್ಯವಾಗಿ ತೆಳ್ಳಗಿನ ಕವಲುಗಳನ್ನು ಚಾಚಿಕೊಂಡಿರುತ್ತವೆ. ಕೆರಳಿದಾಗ ಕವಲು ಮುದುಡಿ, ಒಡಲು ಉಬ್ಬುತ್ತದೆ. ಅಂಥ ಕೆರಳಿದ ಕೋಶಗಳು ಇಲ್ಲಿ ಕಂಡವು, ಎಲ್ಲಕ್ಕಿಂತ ಹೆಚ್ಚಾಗಿ ಕಿರುಮಿದುಳಿನಲ್ಲಿ. ಆಟಿಸಂ ಇದ್ದು ಬದುಕಿದ್ದ ಬೇರೆ 6 ಮಂದಿಯ ಬೆನ್ನುಹುರಿ ದ್ರವದಲ್ಲೂ ಉರಿಯೂತದ ಪ್ರೋಟೀನುಗಳು ಏರಿದ್ದವು. ಆದರೆ ಈ ಉರಿಯೂತ ಆಟಿಸಂಗೆ ಕಾರಣವೋ, ಅದರ ಪರಿಣಾಮವೋ, ಅಥವಾ ಮಿದುಳು ತನ್ನನ್ನು ದುರಸ್ತಿ ಮಾಡಿಕೊಳ್ಳುವ ಯತ್ನವೋ ಎಂದು ಇಂಥ ಪರೀಕ್ಷೆ ಹೇಳಲಾರದು. ಜೀವಂತ ಮಿದುಳಿನ ಸ್ಕ್ಯಾನುಗಳೂ ಒಂದೇ ಮಾತು ಹೇಳಲಿಲ್ಲ: ಮೈಕ್ರೋಗ್ಲಿಯಾ ಚಟುವಟಿಕೆಯ ಸೂಚನೆ 2013ರ ಜಪಾನಿನ ಅಧ್ಯಯನದಲ್ಲಿ ಹೆಚ್ಚಾಗಿ ಕಂಡರೆ, ಬೇರೆ ಗುರುತು-ರಾಸಾಯನಿಕ ಬಳಸಿ 2021ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಕಡಿಮೆಯಾಗಿ ಕಂಡಿತು.

ಹೆಚ್ಚು ಗಟ್ಟಿಯಾಗಿ ನಿಂತಿರುವುದು ಗರ್ಭಾವಸ್ಥೆಯ ಎಳೆ, ಅಂದರೆ ಚೆಸ್ ಹಿಡಿದಿದ್ದ ಎಳೆಯೇ. ಪಾಲ್ ಪ್ಯಾಟರ್ಸನ್ ಅವರ ಪ್ರಯೋಗಾಲಯ 2007ರಲ್ಲಿ, ಗಬ್ಬದ ಇಲಿಗೆ ಐಎಲ್-6 ಎಂಬ ಉರಿಯೂತದ ಸಂದೇಶವಾಹಕವನ್ನು ಒಮ್ಮೆ ಚುಚ್ಚಿದರೂ ಮರಿಗಳ ವರ್ತನೆ ಬದಲಾಗುತ್ತದೆ ಎಂದು ತೋರಿಸಿತು. 2010ರಲ್ಲಿ ಡೆನ್ಮಾರ್ಕಿನ ದಾಖಲೆಗಳು ಮನುಷ್ಯರಲ್ಲೂ ಸುಳಿವು ಕೊಟ್ಟವು: ಮೊದಲ ಮೂರು ತಿಂಗಳಲ್ಲಿ ವೈರಸ್ ಸೋಂಕಿಗೆ ತಾಯಿ ಆಸ್ಪತ್ರೆ ಸೇರಿದ್ದರೆ ಮಗುವಿಗೆ ಆಟಿಸಂ ಬರುವ ಸಂಭವ ಸುಮಾರು ಮೂರು ಪಟ್ಟು. ಇಡೀ ಗರ್ಭಾವಧಿಯನ್ನು ಒಟ್ಟಾಗಿ ಲೆಕ್ಕ ಹಿಡಿದರೆ ಮಾತ್ರ ಅಂಥ ನಂಟು ಕಾಣಲಿಲ್ಲ. ಸಾಮಾನ್ಯ ನೆಗಡಿಗೆ ಹೆದರುವ ಬಸುರಿಯರಿಗೆ ಇದನ್ನು ಬಿಡಿಸಿ ಹೇಳಬೇಕು.

ಚಿಕಿತ್ಸೆಯ ಕತೆ ಇಷ್ಟು ಮುಂದೆ ಬಂದಿಲ್ಲ. ಮೈಕ್ರೋಗ್ಲಿಯಾವನ್ನು ತಣಿಸಬಲ್ಲ ಮಿನೊಸೈಕ್ಲಿನ್ ಔಷಧಿಯನ್ನು ಪಾರ್ಡೊ ತಂಡವೇ 11 ಮಕ್ಕಳಿಗೆ ಕೊಟ್ಟು ನೋಡಿತು. ವರ್ತನೆಯಲ್ಲಿ ಸುಧಾರಣೆ ಕಾಣಲಿಲ್ಲವೆಂದು 2013ರಲ್ಲಿ ಪ್ರಕಟಿಸಿತು. ಹೀಗಿದ್ದೂ ಉರಿಯೂತ ಇಳಿಸುತ್ತೇವೆಂದು ಕಾಂಡಕೋಶ ಚಿಕಿತ್ಸೆ ಮಾರುವವರು ನಮ್ಮ ನಡುವೆ ಇದ್ದಾರೆ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲಿ, ಆಟಿಸಂಗೆ ಈ ಚಿಕಿತ್ಸೆ ಸೂಕ್ತವಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಲಕ್ಷಾಂತರ ರೂಪಾಯಿ ಸಾಲ ಮಾಡುವ ಮುನ್ನ ತಂದೆತಾಯಿಗಳು ಆ ಹೇಳಿಕೆಯನ್ನು ಓದಲಿ.

ಈ ಇಡೀ ಕತೆಯಲ್ಲಿ ನಮ್ಮ ಕೈಗೆ ನಿಜವಾಗಿ ಸಿಕ್ಕಿರುವ ತಡೆ ರುಬೆಲ್ಲಾ ಲಸಿಕೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಮೇಲೆ ಆಟಿಸಂ ಆರೋಪ ಹೊರಿಸಿದ 1998ರ ವೇಕ್‌ಫೀಲ್ಡ್ ಲೇಖನವನ್ನು ಲ್ಯಾನ್ಸೆಟ್ 2010ರಲ್ಲಿ ಹಿಂಪಡೆಯಿತು. ಆ ಲಸಿಕೆಯೊಳಗೇ ರುಬೆಲ್ಲಾ ತಡೆಯೂ ಇದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಿಮ್ಮ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಲ್ಲವಾದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಾಕಿಸಿ.